‘ಯಾರೂ ಕೇಳಲ್ಲ ಬಿಡಿ ಮೇಡಂ’: ಅಮೆರಿಕದಿಂದ ಊರಿಗೆ ಮರಳುವವರಿಗೆ ಒಂದು ಎಚ್ಚರಿಕೆ

ನಾವು 2010ರಿಂದ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದವರು. 2021ರ ನವೆಂಬರ್‌ನಲ್ಲಿ ಮಾವನವರಿಗೆ ಸ್ಟ್ರೋಕ್ ಆಯಿತು. ಅತ್ತೆ ಒಬ್ಬರೇ ನಿಭಾಯಿಸುವುದನ್ನು ಫೋನಿನಲ್ಲಿ ನೋಡಿಕೊಂಡು ಇರಲಾಗದೆ, 2022ರ ಜುಲೈ 10ರಂದು ಇಬ್ಬರು ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ವಾಪಸ್ ಬಂದುಬಿಟ್ಟೆವು. ಬಂದದ್ದಕ್ಕೆ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ. ಆದರೆ ಬಂದ ರೀತಿಗೆ ಕಳೆದ ವರ್ಷ ಐದೂವರೆ ಲಕ್ಷ ರೂಪಾಯಿಗಿಂತ ಹೆಚ್ಚು ದಂಡ ತೆತ್ತಿದ್ದೇವೆ. ದುಡ್ಡಿನಲ್ಲಿ ಸರಿಪಡಿಸಲಾಗದ ಇನ್ನೊಂದು ತಪ್ಪೂ ಆಗಿದೆ, ಅದನ್ನು ಕೊನೆಗೆ ಹೇಳುತ್ತೇನೆ.

ಹೊರಡುವ ಮೊದಲು ನಾವು ಏನೂ ವಿಚಾರಿಸದೆ ಬಂದವರಲ್ಲ. ಪರಿಚಯದವರ ವಾಟ್ಸಾಪ್ ಗುಂಪಿನಲ್ಲಿ ಸಿಕ್ಕ ಒಬ್ಬ ಸಲಹೆಗಾರರಿಗೆ 400 ಡಾಲರ್ ಕೊಟ್ಟು, ಎರಡು ಸಲ ವೀಡಿಯೋ ಕಾಲ್‌ನಲ್ಲಿ ಗಂಟೆಗಟ್ಟಲೆ ಮಾತಾಡಿದ್ದೆವು. ಬಹಳ ಸೌಜನ್ಯದ ಮನುಷ್ಯ, ಚೆನ್ನಾಗಿ ಕನ್ನಡ ಮಾತಾಡುತ್ತಿದ್ದರು. ಎನ್‌ಆರ್‌ಇ ಡೆಪಾಸಿಟ್ (ಅನಿವಾಸಿಗಳು ಹೊರದೇಶದ ದುಡಿಮೆಯನ್ನು ಇಲ್ಲಿನ ಬ್ಯಾಂಕಿನಲ್ಲಿ ರೂಪಾಯಿಯಲ್ಲಿ ಇಡುವ ಠೇವಣಿ) ಏನು ಮಾಡೋದು ಅಂತ ಕೇಳಿದೆ. ‘ಹಾಗೇ ಇರಲಿ, ಯಾರೂ ಕೇಳಲ್ಲ ಬಿಡಿ ಮೇಡಂ’ ಅಂದರು. ಅಮೆರಿಕದ ಶೇರು ಯಾವಾಗ ಮಾರೋದು? ‘ನಿಮಗೆ ಮೂರು ವರ್ಷ ತೆರಿಗೆ ಇಲ್ಲ, ಎಲ್ಲರಿಗೂ ಸಿಗುತ್ತೆ, ನಿಧಾನಕ್ಕೆ ಮಾರಿ’ ಅಂದರು. ಈ ಎರಡು ಮಾತುಗಳನ್ನು ನೆಚ್ಚಿಕೊಂಡೇ ನಾವು ಕೆಟ್ಟದ್ದು.

ಮೊದಲು ಆ ‘ಮೂರು ವರ್ಷ’ದ ವಿಷಯ. ವಾಪಸ್ ಬಂದವರಿಗೆ ಆರ್‌ಎನ್‌ಓಆರ್ ಅಂತ ಒಂದು ಸ್ಥಾನಮಾನ ಸಿಗುತ್ತದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ನೀವು ಭಾರತದ ನಿವಾಸಿ, ಆದರೆ ಇನ್ನೂ ‘ಸಾಮಾನ್ಯ ನಿವಾಸಿ’ ಅಲ್ಲ. ಆ ಅವಧಿಯಲ್ಲಿ ಹೊರದೇಶದಲ್ಲಿ ಹುಟ್ಟಿದ ಆದಾಯಕ್ಕೆ ಇಲ್ಲಿ ತೆರಿಗೆ ಇಲ್ಲ. ಇದು ನಿಜ. ಆದರೆ ಅದು ಎಷ್ಟು ವರ್ಷ ಸಿಗುತ್ತದೆ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಹಿಂದಿನ ಹತ್ತು ಆರ್ಥಿಕ ವರ್ಷಗಳಲ್ಲಿ ಒಂಬತ್ತು ವರ್ಷ ನೀವು ಅನಿವಾಸಿಯಾಗಿರಬೇಕು, ಇಲ್ಲವೇ ಹಿಂದಿನ ಏಳು ವರ್ಷಗಳಲ್ಲಿ ಭಾರತದಲ್ಲಿ ಕಳೆದ ದಿನಗಳು ಒಟ್ಟು 729 ದಾಟಿರಬಾರದು. ಎರಡರಲ್ಲಿ ಒಂದು ಇದ್ದರೆ ಸಾಕು. ನಮಗೆ ಮೊದಲ ಎರಡು ವರ್ಷ ಒಂಬತ್ತರ ಲೆಕ್ಕದಲ್ಲೇ ಸಿಕ್ಕಿತು. ಮೂರನೆಯ ವರ್ಷ, ಅಂದರೆ 2024-25ಕ್ಕೆ, ದಿನಗಳ ಲೆಕ್ಕವೇ ಗತಿ.

ನನ್ನ ಗಂಡ ಕಂಪನಿಯಿಂದ ಬಂದಿದ್ದ ಶೇರುಗಳನ್ನು 2024ರ ಡಿಸೆಂಬರ್‌ನಲ್ಲಿ ಮಾರಿದರು. ಮನೆ ಕಟ್ಟಲು ಸೈಟ್ ನೋಡಿದ್ದೆವು, ಅದಕ್ಕೆ. ಲಾಭ ಸುಮಾರು 28 ಲಕ್ಷ. ಮೂರು ವರ್ಷ ಮುಗಿದಿಲ್ಲವಲ್ಲ ಅಂತ ಧೈರ್ಯ. ಮರುವರ್ಷ ಆಗಸ್ಟ್‌ನಲ್ಲಿ ರಿಟರ್ನ್ ಹಾಕಲು ಸರಸ್ವತಿಪುರಂನ ಒಬ್ಬ ಹಿರಿಯ ಆಡಿಟರ್ ಹತ್ತಿರ ಹೋದೆವು. ಕೂತ ತಕ್ಷಣ ಅವರು ಕೇಳಿದ ಮೊದಲ ಪ್ರಶ್ನೆ: ‘ಪಾಸ್‌ಪೋರ್ಟ್ ತಂದಿದ್ದೀರೇನಮ್ಮ?’ ತಂದಿರಲಿಲ್ಲ. ‘ಹಳೇದು, ಹೊಸದು ಎರಡೂ ತಗೊಂಡು ನಾಳೆ ಬನ್ನಿ’ ಅಂದು ಕಳಿಸಿಬಿಟ್ಟರು.

ಆ ರಾತ್ರಿ ಊಟದ ಮೇಜಿನ ಮೇಲೆ ಪಾಸ್‌ಪೋರ್ಟ್‌ಗಳನ್ನು ಹರಡಿಕೊಂಡು ಕೂತೆವು. ಒಂದು ಪುಟದಲ್ಲಿ ಮೂರು ಮೊಹರು ಒಂದರ ಮೇಲೊಂದು ಬಿದ್ದಿವೆ, ಇನ್ನೊಂದರಲ್ಲಿ ಶಾಯಿ ಅರ್ಧ ಮಾಸಿ ತಾರೀಖಿನ ಕೊನೆಯ ಅಂಕಿ ಕಾಣುತ್ತಿಲ್ಲ. ಹಳೆಯ ಇಮೇಲ್‌ನಲ್ಲಿ ವಿಮಾನದ ಟಿಕೆಟ್ ಹುಡುಕಿ, ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಒಂದೊಂದೇ ಬರೆದೆ. 2017ರ ಡಿಸೆಂಬರ್‌ನಲ್ಲಿ ನಾದಿನಿಯ ಮದುವೆಗೆ 32 ದಿನ. 2019ರ ಡಿಸೆಂಬರ್‌ನಿಂದ ಜನವರಿಗೆ 35. ಮಾವನವರಿಗೆ ಸ್ಟ್ರೋಕ್ ಆದಾಗ ಇವರೊಬ್ಬರೇ ಓಡಿಬಂದು ಉಳಿದದ್ದು 44. ಒಟ್ಟು 111. ಅದಕ್ಕೆ ವಾಪಸ್ ಬಂದ ಮೇಲಿನ ಮೊದಲ ವರ್ಷದ 265, ಎರಡನೆಯ ವರ್ಷದ 366 ಸೇರಿಸಿದೆ. 742. ಮಿತಿಗಿಂತ 13 ದಿನ ಹೆಚ್ಚು.

ನನ್ನ ಲೆಕ್ಕ 698ಕ್ಕೇ ನಿಂತಿತು, ಯಾಕೆಂದರೆ ಆ ನವೆಂಬರ್‌ನಲ್ಲಿ ನಾನು ಮಕ್ಕಳ ಶಾಲೆಗಾಗಿ ಅಲ್ಲೇ ಉಳಿದಿದ್ದೆ. ಹಾಗಾಗಿ ಒಂದೇ ಮನೆಯಲ್ಲಿ ಹೆಂಡತಿ ಆರ್‌ಎನ್‌ಓಆರ್, ಗಂಡ ಪೂರ್ಣ ನಿವಾಸಿ. ಶೇರುಗಳಿದ್ದದ್ದು ಗಂಡನ ಹೆಸರಿನಲ್ಲಿ.

28 ಲಕ್ಷಕ್ಕೆ ಶೇಕಡ 12.5, ಮೇಲೆ ಸೆಸ್: 3 ಲಕ್ಷ 64 ಸಾವಿರ. ಮುಂಗಡ ತೆರಿಗೆ ಕಟ್ಟಿಲ್ಲದ್ದಕ್ಕೆ ಬಡ್ಡಿ ಬೇರೆ. ಅದೇ ಶೇರನ್ನು 2024ರ ಮಾರ್ಚ್ 31ರೊಳಗೆ ಮಾರಿದ್ದರೆ ಇಲ್ಲಿ ಒಂದು ಪೈಸೆ ತೆರಿಗೆ ಇರಲಿಲ್ಲ. ಅಲ್ಲಿ ಅನಿವಾಸಿಯಾದವರಿಗೆ ಶೇರು ಮಾರಾಟದ ಲಾಭದ ಮೇಲೆ ಅಮೆರಿಕವೂ ಸಾಮಾನ್ಯವಾಗಿ ತೆರಿಗೆ ಹಾಕುವುದಿಲ್ಲ. ಇದು ನಮಗೆ ಗೊತ್ತಿರಲಿಲ್ಲ, 400 ಡಾಲರ್ ತಗೊಂಡವರು ಪಾಸ್‌ಪೋರ್ಟ್ ತೋರಿಸಿ ಅನ್ನಲೂ ಇಲ್ಲ.

ಇನ್ನೊಂದು ಹೊಟ್ಟೆ ಉರಿಸುವ ವಿಷಯ ಕೇಳಿ. ಒಂದು ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿದ್ದರೆ ಆ ವರ್ಷ ನೀವು ನಿವಾಸಿ. ಅಕ್ಟೋಬರ್ 2ರಂದು ಬಂದಿಳಿದರೆ ಮಾರ್ಚ್ 31ರವರೆಗೆ 181 ದಿನ ಮಾತ್ರ (ಫೆಬ್ರವರಿಯಲ್ಲಿ 28 ದಿನವಿರುವ ವರ್ಷವಾದರೆ, ಆ ವರ್ಷದಲ್ಲಿ ಅದಕ್ಕೆ ಮೊದಲು ಬಂದುಹೋಗಿರದಿದ್ದರೆ, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿ ಇರದಿದ್ದರೆ). ಅಂದರೆ ಆ ಇಡೀ ವರ್ಷ ಅನಿವಾಸಿಯಾಗಿಯೇ ಉಳಿಯುತ್ತೀರಿ, ಮುಂದಿನ ವರ್ಷಗಳೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತವೆ. ಶಾಲೆ ಜೂನ್‌ಗೇ ಶುರು, ಮಕ್ಕಳನ್ನು ಮೂರು ತಿಂಗಳು ತಡೆಯಲು ಆಗುವುದಿಲ್ಲ, ನಿಜ. ಆದರೆ ನಾನು ಮಕ್ಕಳ ಜೊತೆ ಮೊದಲು ಬಂದು, ಇವರು ಕೆಲಸ ಮುಂದುವರಿಸಿ ಅಕ್ಟೋಬರ್ ಮೊದಲ ವಾರ ಬರಬಹುದಿತ್ತು. ಟಿಕೆಟ್ ಅಗ್ಗ ಸಿಕ್ಕಿತು ಅಂತ ಜುಲೈ ಹಿಡಿದೆವು.

ಇನ್ನು ಎನ್‌ಆರ್‌ಇ ಡೆಪಾಸಿಟ್. 40 ಲಕ್ಷ ಇತ್ತು, ವರ್ಷಕ್ಕೆ ಎರಡೂಕಾಲು ಲಕ್ಷದ ಆಸುಪಾಸು ಬಡ್ಡಿ. ಆ ಬಡ್ಡಿಗೆ ತೆರಿಗೆ ವಿನಾಯಿತಿ ಇರುವುದು ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ನೀವು ಹೊರದೇಶದ ನಿವಾಸಿಯಾಗಿರುವವರೆಗೆ ಮಾತ್ರ. ಇಲ್ಲೇ ನೆಲೆಸುವ ಉದ್ದೇಶದಿಂದ ಬಂದಿಳಿದ ದಿನದಿಂದಲೇ ಫೆಮಾ ನಿಮ್ಮನ್ನು ಭಾರತದ ನಿವಾಸಿ ಅನ್ನುತ್ತದೆ. ಅದು 182 ದಿನ ಕಾಯುವುದಿಲ್ಲ. ಆರ್‌ಎನ್‌ಓಆರ್ ಆಗಿದ್ದರೂ ಎನ್‌ಆರ್‌ಇ ಬಡ್ಡಿಗೆ ರಕ್ಷಣೆ ಇಲ್ಲ. ತೆರಿಗೆಯ ನಿವಾಸ ಬೇರೆ, ಫೆಮಾದ ನಿವಾಸ ಬೇರೆ. ಇದೊಂದನ್ನು ಬಿಡಿಸಿ ಹೇಳುವವರು ನಮಗೆ ಸಿಗಲಿಲ್ಲ. ಬಂದ ಕೂಡಲೇ ಬ್ಯಾಂಕಿಗೆ ಬರೆದುಕೊಟ್ಟು ಆ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಾಯಿಸಬೇಕಿತ್ತು. ಇಲ್ಲವೇ ಆ ಹಣವನ್ನು ಆರ್‌ಎಫ್‌ಸಿ ಖಾತೆಗೆ, ಅಂದರೆ ವಾಪಸ್ ಬಂದವರು ಡಾಲರ್‌ನಲ್ಲೇ ಇಡಬಹುದಾದ ಖಾತೆಗೆ, ಹಾಕಬಹುದಿತ್ತು. ಆರ್‌ಎನ್‌ಓಆರ್ ಆಗಿರುವವರೆಗೆ ಅದರ ಬಡ್ಡಿಗೆ ತೆರಿಗೆ ಇಲ್ಲ. ಎಫ್‌ಸಿಎನ್‌ಆರ್ ಡೆಪಾಸಿಟ್ (ಅನಿವಾಸಿಗಳು ವಿದೇಶಿ ಕರೆನ್ಸಿಯಲ್ಲೇ ಇಡುವ ಠೇವಣಿ) ಇದ್ದರೆ ಅವಧಿ ಮುಗಿಯುವವರೆಗೆ ಹಾಗೇ ಬಿಡಬಹುದು. ನಮ್ಮ ಸಲಹೆಗಾರರು ಬಹುಶಃ ಅದನ್ನೂ ಎನ್‌ಆರ್‌ಇಯನ್ನೂ ಒಂದೇ ಅಂದುಕೊಂಡಿದ್ದರು.

ಎರಡು ವರ್ಷದ ರಿಟರ್ನ್‌ನಲ್ಲಿ ಆ ಬಡ್ಡಿಯನ್ನು ವಿನಾಯಿತಿ ಅಂತ ತೋರಿಸಿದ್ದೆವು. ಈಗ ಅಪ್‌ಡೇಟೆಡ್ ರಿಟರ್ನ್ ಹಾಕಿ ಸರಿಮಾಡಬೇಕಾಯಿತು. 2022-23ರದ್ದಕ್ಕೆ ತೆರಿಗೆ, ಬಡ್ಡಿ ಎರಡೂ ಸೇರಿದ ಮೊತ್ತದ ಮೇಲೆ ಶೇಕಡ 50 ಹೆಚ್ಚುವರಿ, 2023-24ರದ್ದಕ್ಕೆ ಶೇಕಡ 25. ಎಲ್ಲಾ ಸೇರಿ ಹತ್ತಿರ ಹತ್ತಿರ ಎರಡು ಲಕ್ಷ. ನೋಟಿಸ್ ಬರುವ ಮೊದಲೇ ಹೋಗಿದ್ದರಿಂದ ಇಷ್ಟರಲ್ಲಿ ಮುಗಿಯಿತು ಅಂದರು ಆಡಿಟರ್.

ಇದರ ನಡುವೆಯೇ ಫೋನ್ ನಂಬರಿನ ಕಥೆ. ಸಣ್ಣ ವಿಷಯ ಅನ್ನಿಸಬಹುದು, ಆದರೆ ನಮಗೆ ಅತಿ ಹೆಚ್ಚು ನಿದ್ದೆ ಕೆಡಿಸಿದ್ದು ಇದೇ. ಹೊರಡುವ ವಾರ ಅಮೆರಿಕದ ಮೊಬೈಲ್ ಪ್ಲಾನ್ ನಿಲ್ಲಿಸಿಬಿಟ್ಟಿದ್ದೆವು. ಹಳೆಯ ಫೋನಿನಲ್ಲಿ ಅಲ್ಲಿನ ಬ್ಯಾಂಕಿನ ಆ್ಯಪ್ ತೆರೆದುಕೊಳ್ಳುತ್ತಿತ್ತು, ಹಾಗಾಗಿ ಮೂರು ವರ್ಷ ಏನೂ ತಿಳಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಆ ಫೋನ್ ಬಕೆಟ್ ನೀರಿಗೆ ಬಿತ್ತು. ಹೊಸ ಫೋನಿನಲ್ಲಿ ಲಾಗಿನ್ ಆಗಲು ಹೋದರೆ ಓಟಿಪಿ ಹಳೆಯ ನಂಬರಿಗೆ. ಆ ನಂಬರ್ ಅಷ್ಟರಲ್ಲಿ ಬೇರೆ ಯಾರದೋ ಆಗಿತ್ತು. ಕರೆ ಮಾಡಿದರೆ ಒಬ್ಬ ವಯಸ್ಸಾದ ಹೆಂಗಸು ತೆಗೆದು, ಮೂರನೇ ಸಲಕ್ಕೆ ಬೇಜಾರಾಗಿ ಇಟ್ಟುಬಿಟ್ಟರು.

ದಿನಾ ರಾತ್ರಿ ಏಳರ ಮೇಲೆ ಇವರು ಬ್ಯಾಂಕಿಗೆ ಕರೆ ಮಾಡಿಕೊಂಡು ಕೂರುವುದು. ನಲವತ್ತು ನಿಮಿಷ ಸಂಗೀತ, ಆಮೇಲೆ ಒಬ್ಬರು ಬಂದು ‘ನಿಮ್ಮ ನಂಬರಿಗೆ ಕೋಡ್ ಕಳಿಸಿದ್ದೇವೆ’ ಅನ್ನುವುದು. ವಿಳಾಸ ಎಡಿಸನ್‌ನದೇ ಇತ್ತು, ಕಾಗದಗಳೆಲ್ಲ ಅಲ್ಲಿಗೇ ಹೋಗುತ್ತಿದ್ದವು. ನೋಟರಿ ಮಾಡಿಸಿದ ದಾಖಲೆಗಳನ್ನು ಎರಡು ಸಲ ಕೊರಿಯರ್ ಮಾಡಿ, ಖಾತೆ ಮತ್ತೆ ಕೈಗೆ ಬರುವಷ್ಟರಲ್ಲಿ ಆಗಸ್ಟ್ ಕೊನೆ.

ಆ ಖಾತೆ ಅಷ್ಟು ತುರ್ತಾಗಿ ಯಾಕೆ ಬೇಕಿತ್ತು ಅಂದರೆ, ಪೂರ್ಣ ನಿವಾಸಿಯಾದವರು ರಿಟರ್ನ್‌ನಲ್ಲಿ ಶೆಡ್ಯೂಲ್ ಎಫ್‌ಎ ತುಂಬಬೇಕು. ಹೊರದೇಶದ ಪ್ರತಿ ಖಾತೆಯಲ್ಲಿ ಆ ಕ್ಯಾಲೆಂಡರ್ ವರ್ಷ ಇದ್ದ ಗರಿಷ್ಠ ಮೊತ್ತ, ವರ್ಷದ ಕೊನೆಯ ಮೊತ್ತ, ಎಲ್ಲ. ಬರೆಯದೆ ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯ ಅಡಿ 10 ಲಕ್ಷ ರೂಪಾಯಿ ದಂಡ ಹಾಕಬಹುದು. 2024ರ ಅಕ್ಟೋಬರ್‌ನಿಂದ, ಸ್ಥಿರಾಸ್ತಿ ಬಿಟ್ಟು ಉಳಿದದ್ದು ಒಟ್ಟು 20 ಲಕ್ಷದೊಳಗಿದ್ದರೆ ಆ ದಂಡ ಇಲ್ಲ. ನಮ್ಮದು ಅದಕ್ಕಿಂತ ಹೆಚ್ಚಿತ್ತು. ಆ ವರ್ಷ ಗಡುವನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದರಿಂದ ಬಚಾವಾದೆವು, 12ಕ್ಕೆ ಹಾಕಿದೆವು. 401(ಕೆ) ನಿವೃತ್ತಿ ಖಾತೆಯ ವಿಷಯದಲ್ಲೂ ಕೂದಲೆಳೆಯಲ್ಲಿ ಪಾರು. ಅದರಲ್ಲಿ ಬೆಳೆಯುವ ಹಣಕ್ಕೆ ಇಲ್ಲಿ ಈಗಲೇ ತೆರಿಗೆ ಬೇಡ, ತೆಗೆಯುವಾಗ ಕಟ್ಟುತ್ತೇವೆ ಅನ್ನುವ ಆಯ್ಕೆ ಇದೆ. ಅದಕ್ಕೆ 10-ಇಇ ಅನ್ನುವ ಫಾರಂ ಅನ್ನು ರಿಟರ್ನ್‌ನ ಗಡುವಿನೊಳಗೇ ಕೊಡಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ, ಸೆಕ್ಷನ್ ಮತ್ತು ಫಾರಂಗಳ ನಂಬರ್ ಬದಲಾಗುವುದರಿಂದ ನಾನು ಹೇಳಿದ ಹೆಸರುಗಳನ್ನೇ ಹಿಡಿದುಕೊಳ್ಳಬೇಡಿ, ನಿಮ್ಮ ಆಡಿಟರ್ ಹತ್ತಿರ ಕೇಳಿ.

ಹೊರಡುವವರು ದಯವಿಟ್ಟು ಅಮೆರಿಕದ ನಂಬರನ್ನು ಅತ್ಯಂತ ಅಗ್ಗದ ಪ್ಲಾನ್‌ಗೆ ಬದಲಾಯಿಸಿಯಾದರೂ ಉಳಿಸಿಕೊಳ್ಳಿ. ಇಂಟರ್ನೆಟ್ ನಂಬರಿಗೆ ವರ್ಗಾಯಿಸಿದರೆ ಕೆಲವು ಬ್ಯಾಂಕುಗಳು ಓಟಿಪಿ ಕಳಿಸುವುದಿಲ್ಲ, ಅಲ್ಲಿರುವಾಗಲೇ ಒಮ್ಮೆ ಪರೀಕ್ಷೆ ಮಾಡಿ ನೋಡಿ. ಬಂದ ವರ್ಷದ ಎಫ್‌ಬಿಎಆರ್, ಅಂದರೆ ಹೊರದೇಶದ ಖಾತೆಗಳ ಬಗ್ಗೆ ಅಮೆರಿಕ ಸರ್ಕಾರಕ್ಕೆ ಕೊಡುವ ವರದಿ, ಮರೆಯಬೇಡಿ. ಅಮೆರಿಕದ ತೆರಿಗೆ ನಿವಾಸಿಯಾಗಿದ್ದ ಆ ಅರ್ಧ ವರ್ಷದಲ್ಲಿ ಹೊರಗಿನ ಖಾತೆಗಳ ಮೊತ್ತ ಯಾವುದೇ ದಿನ 10,000 ಡಾಲರ್ ದಾಟಿದ್ದರೆ, ಮರುವರ್ಷ ಇಲ್ಲಿಂದಲೇ ಹಾಕಬೇಕು. ಸೋಷಿಯಲ್ ಸೆಕ್ಯುರಿಟಿಗೆ, ಅಂದರೆ ಅಲ್ಲಿನ ಸರ್ಕಾರಿ ಪಿಂಚಣಿಗೆ, ದುಡಿಮೆಯಿಂದ ಗಳಿಸಿದ 40 ಕ್ರೆಡಿಟ್ ಬೇಕು, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು. ಭಾರತಕ್ಕೂ ಅಮೆರಿಕಕ್ಕೂ ಈ ಬಗ್ಗೆ ಒಪ್ಪಂದವಿಲ್ಲ. ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದ ಹಾಸನದ ದಂಪತಿ ಒಂಬತ್ತನೆಯ ವರ್ಷ ಹೊರಟುಬಂದರು. ಇನ್ನೊಂದು ವರ್ಷ ಇದ್ದಿದ್ದರೆ ಅನ್ನುತ್ತಾರೆ ಈಗ.

ಕೊನೆಯದು ಮಗಳ ವಿಷಯ. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯಲೇಬೇಕು.

ಅವಳು ಅಲ್ಲೇ ಹುಟ್ಟಿದವಳು, ಅಮೆರಿಕದ ಪೌರತ್ವ. ಚಿಕ್ಕವಳಿದ್ದಾಗ ಒಸಿಐ ಕಾರ್ಡ್ (ಹೊರದೇಶದ ಪೌರತ್ವವಿರುವ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಮಾಡಿಸೋಣ ಅಂತ ನಾನು ಎರಡು ಸಲ ಫಾರಂ ತೆಗೆದಿದ್ದೆ. ವೀಸಾದಲ್ಲೇ ಹೋಗಿ ಬರುತ್ತಿದ್ದೇವಲ್ಲ, ಕಾರ್ಡ್ ಇದೆಯಾ ಅಂತ ಯಾರು ಕೇಳ್ತಾರೆ ಅಂತ ನಾವೇ ಮುಂದಕ್ಕೆ ಹಾಕಿದೆವು. ಇದಕ್ಕೆ ಯಾವ ಸಲಹೆಗಾರರನ್ನೂ ದೂರುವಂತಿಲ್ಲ. ಕೊನೆಗೆ ಮಾಡಿಸಿದ್ದು 2022ರ ಏಪ್ರಿಲ್‌ನಲ್ಲಿ, ಹೊರಡಲು ಮೂರು ತಿಂಗಳಿರುವಾಗ. ಅಷ್ಟರಲ್ಲಿ ಕೇಂದ್ರ ಸರ್ಕಾರ 2021ರ ಮಾರ್ಚ್ 4ರಂದು ಅಧಿಸೂಚನೆ ಹೊರಡಿಸಿಯಾಗಿತ್ತು: ಒಸಿಐ ಮಕ್ಕಳು ನೀಟ್, ಜೆಇಇ ಬರೆಯಬಹುದು, ಆದರೆ ಸೀಟು ಎನ್‌ಆರ್‌ಐ ಕೋಟಾದಲ್ಲಿ ಅಥವಾ ಹೆಚ್ಚುವರಿ ಸೀಟುಗಳಲ್ಲಿ ಮಾತ್ರ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇದು ಹಿಂದಿನಿಂದ ಅನ್ವಯಿಸುವುದಿಲ್ಲ, 2021ರ ಮಾರ್ಚ್ 4ರ ನಂತರ ಕಾರ್ಡ್ ಪಡೆದವರಿಗೆ ಮಾತ್ರ ಅಂತ ಹೇಳಿತು. ಎರಡು ವರ್ಷ ಮೊದಲು ಮಾಡಿಸಿದ್ದರೆ ಅವಳು ಗೆರೆಯ ಆ ಕಡೆ ಇರುತ್ತಿದ್ದಳು.

ಈಗ ಪ್ರಥಮ ಪಿಯುಸಿ, ಪಿಸಿಎಂಬಿ ತೆಗೆದುಕೊಂಡಿದ್ದಾಳೆ. ಅಜ್ಜನಿಗೆ ಬಿಪಿ ನೋಡುವುದು, ಮಾತ್ರೆ ಡಬ್ಬಿ ತುಂಬಿಡುವುದು ಅವಳದೇ ಕೆಲಸ, ಡಾಕ್ಟರ್ ಆಗುತ್ತೇನೆ ಅನ್ನುವುದು ಅಲ್ಲಿಂದಲೇ ಶುರುವಾದದ್ದು. ಎನ್‌ಆರ್‌ಐ ಸೀಟಿನ ಶುಲ್ಕ ನಮ್ಮ ಕೈಗೆಟುಕುವುದಲ್ಲ. ವಾಪಸ್ ಅಮೆರಿಕಕ್ಕೆ ಹೋಗಿ ಓದಲಾ, ಇಲ್ಲೇ ಬೇರೆ ಓದಲಾ ಅಂತ ಕೇಳುತ್ತಾಳೆ. ಇನ್ನೂ ಉತ್ತರ ಕೊಟ್ಟಿಲ್ಲ. ಹೋದ ವಾರ ಎಡಿಸನ್‌ನ ಹಳೆಯ ಸ್ನೇಹಿತೆ ಫೋನ್ ಮಾಡಿ ಜೂನ್‌ನಲ್ಲಿ ಊರಿಗೆ ಬಂದುಬಿಡುತ್ತಿದ್ದೇವೆ ಕಣೇ ಅಂದಳು. ಟಿಕೆಟ್ ಮಾಡಿಸಬೇಡ, ಮೊದಲು ನಿಮ್ಮಿಬ್ಬರ ಪಾಸ್‌ಪೋರ್ಟ್ ತಗೊಂಡು ಮೇಜಿನ ಮುಂದೆ ಕೂರು, ನಾನು ಲೈನ್‌ನಲ್ಲೇ ಇರ್ತೀನಿ ಅಂದೆ. ಅವಳ ಗಂಡನ ಮೊಹರುಗಳನ್ನು ಎಣಿಸಿ ಮುಗಿಸುವಷ್ಟರಲ್ಲಿ ಇಲ್ಲಿ ರಾತ್ರಿ ಒಂದು ಗಂಟೆ.