ಗಿಟ್‌ನಲ್ಲಿ ಸ್ವಿಚ್ ಮತ್ತು ರಿಸ್ಟೋರ್: ಆರು ವರ್ಷ ಬಳಸಿದ ಮೇಲೆ

ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್ ಅನ್ನೋ ಸಾಧನ ಕಲಿತ ಹೊಸದರಲ್ಲಿ ಅರ್ಧ ದಿನದ ಕೆಲಸವನ್ನು ಒಂದು ಅಕ್ಷರದ ತಪ್ಪಿಗೆ ಕಳೆದುಕೊಂಡಿದ್ದೆ. ಬರೆದ ಕೋಡ್ ಇನ್ನೂ ಕಮಿಟ್ ಆಗಿರಲಿಲ್ಲ, ಅಂದರೆ ಗಿಟ್‌ನ ದಾಖಲೆಗೆ ಸೇರಿರಲಿಲ್ಲ. ಅದನ್ನು 'ರಿಪೋರ್ಟ್' ಅನ್ನೋ ಬ್ರಾಂಚ್‌ಗೆ (ಕೋಡ್‌ನ ಬೇರೆ ಕವಲಿಗೆ) ಹೋಗಿ ಕಮಿಟ್ ಮಾಡಬೇಕಿತ್ತು. ಪ್ರಾಜೆಕ್ಟ್‌ನಲ್ಲಿ 'ರಿಪೋರ್ಟ್ಸ್' ಅಂತ ಒಂದು ಫೋಲ್ಡರ್ ಕೂಡ ಇತ್ತು. ಅವಸರದಲ್ಲಿ 'ಗಿಟ್ ಚೆಕ್‌ಔಟ್ ರಿಪೋರ್ಟ್ಸ್' ಅಂತ ಟೈಪ್ ಮಾಡಿದೆ. ಬ್ರಾಂಚ್ ಬದಲಿಸುವ ಕಮಾಂಡ್ ಚೆಕ್‌ಔಟ್, ಫೈಲನ್ನು ಹಳೆಯ ಸ್ಥಿತಿಗೆ ತರುವುದೂ ಅದೇ. ಆ ಹೆಸರಿನ ಬ್ರಾಂಚ್ ಇಲ್ಲ, ಫೋಲ್ಡರ್ ಇದೆ. ಹಾಗಾಗಿ ಗಿಟ್ ಆ ಫೋಲ್ಡರ್‌ನ ಫೈಲ್‌ಗಳನ್ನೆಲ್ಲ ಹಳೆಯ ಸ್ಥಿತಿಗೆ ತಂದಿತು. ಒಂದು ಮಾತೂ ಕೇಳಲಿಲ್ಲ. ಕಮಿಟ್ ಆಗದ ಬದಲಾವಣೆ ರೆಫ್‌ಲಾಗ್‌ನಲ್ಲೂ (ಹಿಂದೆ ಇದ್ದ ಕಮಿಟ್‌ಗಳ ಪಟ್ಟಿಯಲ್ಲೂ) ಸಿಗುವುದಿಲ್ಲ.

ಆ ದಿನದಿಂದ ಚೆಕ್‌ಔಟ್ ಅಂದರೆ ಕೈ ಒಂದು ಕ್ಷಣ ತಡೆಯುತ್ತಿತ್ತು. ಅದಕ್ಕೇ 2019ರ ಆಗಸ್ಟ್‌ನಲ್ಲಿ ಗಿಟ್ 2.23 ಬಂದು, ಚೆಕ್‌ಔಟ್‌ನ ಕೆಲಸವನ್ನು 'ಸ್ವಿಚ್' ಮತ್ತು 'ರಿಸ್ಟೋರ್' ಅಂತ ಎರಡು ಕಮಾಂಡ್‌ಗಳಿಗೆ ಹಂಚಿದಾಗ ತಡಮಾಡದೆ ಬಳಸಲು ಶುರು ಮಾಡಿದೆ. ಈಗಲೂ ದಿನಾ ಬಳಸುತ್ತಿದ್ದೇನೆ.

ಚೆಕ್‌ಔಟ್ ಯಾಕೆ ಹಾಗಿತ್ತು ಅಂತ ಆಮೇಲೆ ಅರ್ಥವಾಯಿತು. ಗಿಟ್‌ನ ಒಳಗಿನಿಂದ ನೋಡಿದರೆ ಎರಡೂ ಒಂದೇ ಬಗೆಯ ಕೆಲಸ: ಎಲ್ಲಿಂದಲೋ ಫೈಲ್‌ಗಳನ್ನು ತಂದು ನಮ್ಮ ಫೋಲ್ಡರ್‌ನಲ್ಲಿ ಇಡುವುದು. ಬಳಸುವವರಿಗೆ ಮಾತ್ರ ಅದು ಎರಡು ಬೇರೆ ಬೇರೆ ಕೆಲಸ. ಹೊಸಬರಿಗೆ ಹೇಳಿಕೊಡುವಾಗ ಇದು ಎದ್ದು ಕಾಣುತ್ತದೆ. 'ಬ್ರಾಂಚ್ ಬದಲಿಸು' ಅನ್ನುತ್ತೇವೆ, 'ಫೈಲ್ ಮೊದಲಿನ ಹಾಗೆ ಮಾಡು' ಅನ್ನುತ್ತೇವೆ. ಬಾಯಲ್ಲಿ ಎರಡು ಮಾತು, ಟೈಪ್ ಮಾಡುವಾಗ ಒಂದೇ ಪದ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಬ್ರಾಂಚ್ ಬದಲಿಸುವಾಗ ಚೆಕ್‌ಔಟ್ ನಮ್ಮ ಕೆಲಸವನ್ನು ಕಾಯುತ್ತದೆ. ಬದಲಾವಣೆ ಅಳಿಸಿಹೋಗುವಂತಿದ್ದರೆ ಮುಂದೆ ಹೋಗದೆ ನಿಲ್ಲುತ್ತದೆ. ಫೈಲ್ ಹೆಸರು ಕೊಟ್ಟರೆ ಅದೇ ಚೆಕ್‌ಔಟ್ ಆ ಬದಲಾವಣೆಯನ್ನು ಅಳಿಸುತ್ತದೆ. ಕಾಯುವುದಕ್ಕೂ ಅಳಿಸುವುದಕ್ಕೂ ಒಂದೇ ಹೆಸರು ಇದ್ದರೆ ನಂಬುವುದು ಹೇಗೆ?

ಸ್ವಿಚ್ ಬಗ್ಗೆ ನನ್ನಲ್ಲಿ ದೂರೇ ಇಲ್ಲ. ಅದಕ್ಕೆ ಬ್ರಾಂಚ್ ಬಿಟ್ಟು ಬೇರೇನೂ ಗೊತ್ತಿಲ್ಲ, ಅದೇ ಅದರ ಗುಣ. ಇವತ್ತು ಅದೇ 'ರಿಪೋರ್ಟ್ಸ್' ತಪ್ಪು ಮಾಡಿದರೆ 'ಇಂಥ ರೆಫರೆನ್ಸ್ ಇಲ್ಲ' ಅಂತ ಹೇಳಿ ಸುಮ್ಮನಾಗುತ್ತದೆ. ಹಳೆಯ ಕಮಿಟ್‌ಗೋ ಟ್ಯಾಗ್‌ಗೋ (ಹೆಸರಿಟ್ಟು ಗುರುತಿಸಿದ ಕಮಿಟ್‌ಗೋ) ಹೋಗಬೇಕು ಅಂದರೆ '--ಡಿಟ್ಯಾಚ್' ಅಂತ ಬಾಯಿಬಿಟ್ಟು ಹೇಳಬೇಕು. ಹಾಗಾಗಿ ಯಾವ ಬ್ರಾಂಚ್‌ನಲ್ಲೂ ಇಲ್ಲದ 'ಡಿಟ್ಯಾಚ್ಡ್ ಹೆಡ್' ಸ್ಥಿತಿಗೆ ಗೊತ್ತಿಲ್ಲದೆ ಬಂದು ಬೀಳುವುದು ನಿಂತಿದೆ. ಹೊಸ ಬ್ರಾಂಚ್‌ಗೆ '-ಸಿ', ಹಿಂದಿನ ಬ್ರಾಂಚ್‌ಗೆ ವಾಪಸ್ ಹೋಗಲು ಬರೀ ಒಂದು ಹೈಫನ್.

ರಿಸ್ಟೋರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೆಸರು ಚೆನ್ನಾಗಿದೆ. ಮುಂದಿನ ಕಮಿಟ್‌ಗೆ ಸೇರಬೇಕಾದ್ದನ್ನು ಇಡುವ ಜಾಗ ಸ್ಟೇಜ್. ಅಲ್ಲಿಂದ ಫೈಲ್ ಹೊರಗೆ ತೆಗೆಯಲು ಮೊದಲು 'ಗಿಟ್ ರಿಸೆಟ್ ಹೆಡ್' ಅನ್ನಬೇಕಿತ್ತು, ಈಗ 'ಗಿಟ್ ರಿಸ್ಟೋರ್ --ಸ್ಟೇಜ್ಡ್'. ಓದಿದರೇ ಅರ್ಥವಾಗುತ್ತೆ, ಅಲ್ವಾ? 'ಗಿಟ್ ಸ್ಟೇಟಸ್' ಕೂಡ ಈಗ ಇದನ್ನೇ ಸೂಚಿಸುತ್ತದೆ. ಹೊಸಬರು ನನ್ನನ್ನು ಕೇಳುವ ಮೊದಲೇ ಅಲ್ಲಿ ಓದಿಕೊಂಡಿರುತ್ತಾರೆ.

ಆದರೆ ಅದು ಫೈಲನ್ನು ಎಲ್ಲಿಂದ ತರುತ್ತದೆ ಅನ್ನುವುದು ಇನ್ನೂ ಗೊಂದಲವೇ. ಸುಮ್ನೆ ಫೈಲ್ ಹೆಸರು ಕೊಟ್ಟರೆ ಇಂಡೆಕ್ಸ್‌ನಿಂದ, ಅಂದರೆ ಅದೇ ಸ್ಟೇಜ್‌ನಿಂದ ತರುತ್ತದೆ. '--ಸ್ಟೇಜ್ಡ್' ಸೇರಿಸಿದರೆ ಹೆಡ್‌ನಿಂದ, ಅಂದರೆ ನಾವು ಈಗಿರುವ ಕಮಿಟ್‌ನಿಂದ ತರುತ್ತದೆ. ಇನ್ನೊಂದು ವ್ಯತ್ಯಾಸಕ್ಕೆ ನಾನೇ ಒಂದು ಗಂಟೆ ತಲೆ ಕೆಡಿಸಿಕೊಂಡಿದ್ದೆ. ಹಳೆಯ ಕಮಿಟ್‌ನಿಂದ ಫೈಲ್ ತಂದರೆ ಚೆಕ್‌ಔಟ್ ಅದನ್ನು ಸ್ಟೇಜ್‌ಗೂ ಹಾಕುತ್ತದೆ. '--ಸೋರ್ಸ್' ಕೊಟ್ಟ ರಿಸ್ಟೋರ್ ನಮ್ಮ ಫೋಲ್ಡರ್‌ನಲ್ಲಿ ಮಾತ್ರ ಬದಲಿಸುತ್ತದೆ. ಫೈಲ್ ಸ್ಟೇಜ್ ಆಗಿದೆ ಅಂದುಕೊಂಡು ಕಮಿಟ್ ಮಾಡಿದ್ದೆ. ಅದು ಒಳಗೆ ಹೋಗಿರಲೇ ಇಲ್ಲ. ಹೊಸ ನಡವಳಿಕೆಯೇ ಸರಿ ಅಂತ ಈಗ ಒಪ್ಪುತ್ತೇನೆ. ಆದರೂ ಹಳೆಯ ಅಭ್ಯಾಸ ಇರುವವರು ಇಲ್ಲಿ ಎಡವುತ್ತಾರೆ.

ಈ ಎರಡೂ ಕಮಾಂಡ್‌ಗಳಿಗೆ ತುಂಬಾ ದಿನ 'ಪ್ರಯೋಗದಲ್ಲಿದೆ, ಬದಲಾಗಬಹುದು' ಅನ್ನೋ ಎಚ್ಚರಿಕೆ ಅಂಟಿಕೊಂಡಿತ್ತು. ಅದು ಹೋಗಿದ್ದು 2025ರಲ್ಲಿ, 2.51ರ ಜೊತೆ. ಅಲ್ಲಿಯವರೆಗೆ ಸ್ಕ್ರಿಪ್ಟ್‌ಗಳಲ್ಲಿ ಬಳಸಲು ನನಗೆ ಧೈರ್ಯ ಇರಲಿಲ್ಲ. ಚೆಕ್‌ಔಟ್ ಈಗಲೂ ಇದೆ. ಇರಲಿ. 2005ರಿಂದ ಜನ ಬರೆದ ಸ್ಕ್ರಿಪ್ಟ್‌ಗಳು ಒಂದೇ ದಿನ ಮುರಿದು ಬೀಳುವುದು ಯಾರಿಗೂ ಬೇಡ.

ನನಗೆ ಬೇಸರ ಇರುವುದು ಕೆಲಸ ಇಲ್ಲಿಗೇ ನಿಂತಿದ್ದಕ್ಕೆ. ರಿಸೆಟ್‌ಗೂ ಇದೇ ಆರೈಕೆ ಬೇಕಿತ್ತು. 'ಸಾಫ್ಟ್' ಅಂದರೆ ಫೈಲ್‌ಗಳನ್ನು ಮುಟ್ಟುವುದೇ ಇಲ್ಲ, 'ಹಾರ್ಡ್' ಅಂದರೆ ಕಮಿಟ್ ಆಗದ ಬದಲಾವಣೆ ಹೋಗಿಯೇಬಿಡುತ್ತದೆ. ಇಷ್ಟು ದೂರದ ಎರಡು ಕೆಲಸ ಒಂದೇ ಕಮಾಂಡ್‌ನಲ್ಲಿವೆ. ಇಂಡೆಕ್ಸ್, ಕ್ಯಾಶ್, ಸ್ಟೇಜ್ ಮೂರೂ ಒಂದೇ ಜಾಗದ ಹೆಸರುಗಳು. 'ಗಿಟ್ ಡಿಫ್'ನಲ್ಲಿ '--ಸ್ಟೇಜ್ಡ್' ಅನ್ನಬಹುದು, 'ಗಿಟ್ ಆರ್‌ಎಂ'ನಲ್ಲಿ '--ಕ್ಯಾಶ್ಡ್' ಅಂತಲೇ ಹೇಳಬೇಕು. ಗಿಟ್‌ನಂಥದೇ ಇನ್ನೊಂದು ಸಾಧನ ಸಬ್‌ವರ್ಷನ್‌ನಿಂದ ಬಂದವರಿಗೆ 'ರಿವರ್ಟ್' ಬೇರೆ ಕಾಡುತ್ತದೆ. ಅಲ್ಲಿ ಅದು ಕಮಿಟ್ ಆಗದ ಬದಲಾವಣೆ ಅಳಿಸುತ್ತಿತ್ತು, ಇಲ್ಲಿ ಹಳೆಯ ಕಮಿಟ್ ಒಂದನ್ನು ರದ್ದು ಮಾಡುವ ಹೊಸ ಕಮಿಟ್ ಸೇರಿಸುತ್ತದೆ.

ಈಗ ಹೊಸಬರಿಗೆ ನಾನು ಚೆಕ್‌ಔಟ್ ಹೇಳಿಕೊಡುವುದೇ ಇಲ್ಲ. ಸ್ವಿಚ್‌ಗೆ ಪೂರ್ತಿ ಅಂಕ ಕೊಡುತ್ತೇನೆ, ರಿಸ್ಟೋರ್‌ಗೆ ಐದಕ್ಕೆ ಮೂರೂವರೆ. ಕಳೆದ ಆ ಒಂದೂವರೆ ಅಂಕಕ್ಕೆ ದೊಡ್ಡ ಕಾರಣ, ರಿಸ್ಟೋರ್ ಕೂಡ ಅಳಿಸುವ ಮೊದಲು ಕೇಳುವುದಿಲ್ಲ, ಪ್ರತಿ ಇಟ್ಟುಕೊಳ್ಳುವುದೂ ಇಲ್ಲ. 'ಗಿಟ್ ರಿಸ್ಟೋರ್' ಮುಂದೆ ಒಂದು ಚುಕ್ಕಿ ಹಾಕಿದರೆ ಆ ಫೋಲ್ಡರ್‌ನಲ್ಲಿ ಸ್ಟೇಜ್ ಆಗದ ಬದಲಾವಣೆ ಎಲ್ಲ ಹೋಯಿತು. ಅದಕ್ಕೇ ಎಲ್ಲವನ್ನೂ ಬಿಟ್ಟುಬಿಡಬೇಕು ಅನಿಸಿದಾಗ ನಾನು 'ಗಿಟ್ ಸ್ಟ್ಯಾಶ್' ಮಾಡುತ್ತೇನೆ. ಫೋಲ್ಡರ್ ಅಷ್ಟೇ ಸ್ವಚ್ಛವಾಗುತ್ತದೆ, ಬರೆದದ್ದು ಒಂದು ಕಡೆ ಉಳಿದಿರುತ್ತದೆ. ಒಂದೆರಡು ತುಂಡು ಮಾತ್ರ ಬೇಡ ಅಂದರೆ 'ಗಿಟ್ ರಿಸ್ಟೋರ್ -ಪಿ'. ಅದೊಂದು ಪ್ರತಿ ತುಂಡಿಗೂ ಕೇಳಿಯೇ ಮುಂದೆ ಹೋಗುತ್ತದೆ.