ದುಬಾರಿ ಹೋಟೆಲ್‌ಗೆ ಆ್ಯಪ್ ಸಾಕಾ, ಅಡ್ವೈಸರ್ ಬೇಕಾ?

ದುಬಾರಿ ಹೋಟೆಲ್ ಬುಕ್ ಮಾಡಬೇಕು ಅಂದರೆ ನಾನು ಈಗ ಆ್ಯಪ್ ತೆರೆಯುವುದಿಲ್ಲ. ಬೆಂಗಳೂರಲ್ಲಿರುವ ಟ್ರಾವೆಲ್ ಅಡ್ವೈಸರ್ ಒಬ್ಬರಿಗೆ ವಾಟ್ಸಾಪ್ ಮಾಡುತ್ತೇನೆ. ಹಾಸನದ ಮನೆಯಲ್ಲೇ ಕೂತು ಉದಯಪುರಕ್ಕೆ ಆ್ಯಪ್‌ನಲ್ಲಿ, ಸಿಂಗಾಪುರಕ್ಕೆ ಅಡ್ವೈಸರ್ ಮೂಲಕ, ಪಕ್ಕದ ಚಿಕ್ಕಮಗಳೂರಿಗೆ ನೇರ ಫೋನ್ ಮಾಡಿ ರೂಮ್ ಹಿಡಿದ ಮೇಲೆ ಬಂದ ಅಭ್ಯಾಸ ಇದು. ಸ್ವಿಮ್ಮಿಂಗ್ ಪೂಲ್, ಸ್ಪಾ ಇವೆಲ್ಲ ಎಲ್ಲಿಂದ ಬುಕ್ ಮಾಡಿದರೂ ಅವೇ. ಅದನ್ನು ಇಲ್ಲಿ ಬರೆಯುವುದಿಲ್ಲ.

ಉದಯಪುರದ ಹೋಟೆಲ್ ಪಿಚೋಲಾ ಕೆರೆ ಹತ್ತಿರದ್ದು. ಹೊರಟಿದ್ದು ನಾನು, ನಮ್ಮನೆಯವರು, ನಮ್ಮತ್ತೆ. ಆ್ಯಪ್‌ನಲ್ಲಿ ಒಂದು ರೂಮ್, ಮೂವರು ದೊಡ್ಡವರು ಅಂತ ಹಾಕಿದೆ. ರೂಮ್ ಇದೆ ಅಂತ ತೋರಿಸಿತು. ಪೂರ್ತಿ ದುಡ್ಡು ಮುಂಚೆಯೇ ಕಟ್ಟಿದೆವು. ವೋಚರ್‌ನಲ್ಲೂ ಮೂರು ಜನ ಅಂತಲೇ ಇತ್ತು.

ಕೌಂಟರ್‌ನಲ್ಲಿದ್ದ ಹುಡುಗ ಕಂಪ್ಯೂಟರ್ ನೋಡಿ, "ಇಬ್ಬರಿಗೆ ಮಾತ್ರ ಬಂದಿದೆ ಮೇಡಂ" ಅಂದ. ನಾನು ಫೋನ್‌ನಲ್ಲಿ ವೋಚರ್ ತೋರಿಸಿದೆ. ಅವನು ತನ್ನ ಸ್ಕ್ರೀನನ್ನೇ ನಮ್ಮ ಕಡೆ ತಿರುಗಿಸಿದ. ಅಲ್ಲಿ ಇಬ್ಬರು ಅಂತಲೇ ಇದೆ. ಅದೂ ಬುಕಿಂಗ್ ಬಂದಿರುವುದು ನಮ್ಮ ಆ್ಯಪ್ ಹೆಸರಲ್ಲಲ್ಲ, ನಾವು ಕೇಳಿಯೇ ಇರದ ಇನ್ಯಾವುದೋ ಕಂಪನಿ ಹೆಸರಲ್ಲಿ!

ಇದು ಹೇಗೆ ಅಂತ ಆಮೇಲೆ ಗೊತ್ತಾಯಿತು. ಆ್ಯಪ್‌ಗಳು ಎಲ್ಲ ರೂಮನ್ನೂ ಹೋಟೆಲ್‌ನಿಂದಲೇ ತರುವುದಿಲ್ಲ. ಸಗಟಾಗಿ ರೂಮ್ ಹಿಡಿದು ಮಾರುವ ಕಂಪನಿಗಳಿವೆ, ಎಷ್ಟೋ ಸಲ ಅವರಿಂದ ಕೊಳ್ಳುತ್ತವೆ. ಹೀಗೆ ಕೈ ಬದಲಾಗುವಾಗ ನಾವು ಬರೆದದ್ದೆಲ್ಲ ಹೋಟೆಲ್‌ಗೆ ಮುಟ್ಟುತ್ತದೆ ಅನ್ನುವ ಖಾತ್ರಿ ಇಲ್ಲ. ಎಕ್ಸ್‌ಟ್ರಾ ಬೆಡ್ ಅಂತೂ ಬರೀ ಕೋರಿಕೆ. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೋಟೆಲ್‌ನವರು "ಆ್ಯಪ್‌ನವರನ್ನು ಕೇಳಿ" ಅಂದರು. ಆ್ಯಪ್‌ಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಅಂತ ಸುತ್ತಿಸಿ ಕೊನೆಗೆ ಒಬ್ಬರು ಸಿಕ್ಕರು. ಅವರು "ಹೋಟೆಲ್‌ನವರು ಒಪ್ಪಿದರೆ ನಮ್ಮದೇನೂ ಅಡ್ಡಿಯಿಲ್ಲ" ಅಂದರು. ನಾನು ಫೋನನ್ನು ಕೌಂಟರ್ ಹುಡುಗನ ಕೈಗೇ ಕೊಟ್ಟೆ. ಅವರಿಬ್ಬರೂ ಬಹಳ ಮರ್ಯಾದೆಯಿಂದ ಮಾತಾಡಿಕೊಂಡರು, ಏನೂ ಆಗಲಿಲ್ಲ. ಅತ್ತೆ ಲಾಬಿಯ ಸೋಫಾದಲ್ಲಿ ಕೋಡುಬಳೆ ಡಬ್ಬಿ ಇದ್ದ ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದರು. ಸಾಮಾನು ಹೊರುವ ಹುಡುಗ ಬಂದು ಬಂದು ಕೈ ಚಾಚುತ್ತಾನೆ, ಇವರು ಕೊಡುವುದಿಲ್ಲ. "ರೂಮೇ ಕೊಟ್ಟಿಲ್ಲ, ಬ್ಯಾಗ್ ಎಲ್ಲಿಗೆ ತಗೊಂಡು ಹೋಗ್ತಾನೆ?" ಅಂತ ಅವರ ಪ್ರಶ್ನೆ. ಸರಿಯಾಗೇ ಕೇಳಿದರು ಅಲ್ವಾ?

ಕೊನೆಗೆ, ಆ ರೂಮಿನಲ್ಲಿ ಇನ್ನೊಂದು ಮಂಚ ಹಿಡಿಸುವುದೇ ಇಲ್ಲ ಅಂದರು. ದೊಡ್ಡ ರೂಮಿಗೆ ಹೋಗಬೇಕಾಯಿತು. ಮೇಲಿನ ದುಡ್ಡು ಆವತ್ತಿನ ರೇಟಿನಲ್ಲಿ, ಅದರ ಮೇಲೆ 18% ಜಿಎಸ್‌ಟಿ. ಆ್ಯಪ್‌ನವರು ಸಮಾಧಾನಕ್ಕೆ ಒಂದು ಕೂಪನ್ ಕಳಿಸಿದರು. ಅದನ್ನೂ ಅವರ ಆ್ಯಪ್‌ನಲ್ಲೇ ಖರ್ಚು ಮಾಡಬೇಕು.

ಸಿಂಗಾಪುರಕ್ಕೆ ಹೊರಟಾಗ ನಮ್ಮನೆಯವರ ಆಫೀಸಿನವರೊಬ್ಬರು ಈ ಅಡ್ವೈಸರ್ ಮೇಡಂ ನಂಬರ್ ಕೊಟ್ಟರು. ಟಿಟಿ ಬಾಡಿಗೆ, ತಿರುಪತಿ ಪ್ಯಾಕೇಜ್ ಮಾಡುವವರಲ್ಲ ಇವರು. ಹೋಟೆಲ್‌ನದೇ ಕೆಲಸ. ಅವರು ಮೊದಲು ಕೇಳಿದ್ದು ಬಜೆಟ್ ಅಲ್ಲ, "ಅತ್ತೆಯವರಿಗೆ ಮಂಡಿ ನೋವು ಇದೆಯಾ? ಸ್ನಾನಕ್ಕೆ ಟಬ್ ಒಳಗೆ ಹತ್ತಿ ಇಳಿಯೋಕೆ ಆಗುತ್ತಾ?" ಅಂತ. ಆಗುವುದಿಲ್ಲ ಅಂದೆ. ಶವರ್ ಬೇರೆ ಇರುವ ರೂಮ್, ಮೂರನೇ ಮಂಚ ಖಾತ್ರಿ ಅಂತ ಹೋಟೆಲ್‌ನಿಂದಲೇ ಮೇಲ್ ತರಿಸಿ ನನಗೆ ಕಳಿಸಿದರು. ನಾನು ಅವರಿಗೆ ಸೋತಿದ್ದು ಆ ಮೇಲ್ ನೋಡಿಯೇ.

ದುಡ್ಡಿನ ವಿಷಯ. ಅವರು ನಮ್ಮಿಂದ ಫೀಸ್ ತೆಗೆದುಕೊಳ್ಳಲಿಲ್ಲ. ನಾವು ಉಳಿದು ಬಂದ ಮೇಲೆ ಹೋಟೆಲ್ ಅವರಿಗೆ ಕಮಿಷನ್ ಕೊಡುತ್ತದೆ, ಸಾಮಾನ್ಯವಾಗಿ 10% ಆಸುಪಾಸು. ನಾವು ಕೊಟ್ಟಿದ್ದು ಹೋಟೆಲ್‌ನ ಸ್ವಂತ ವೆಬ್‌ಸೈಟಿನಲ್ಲಿದ್ದ ರೇಟೇ, ಬಿಲ್ ಕಟ್ಟಿದ್ದೂ ಹೋಟೆಲ್‌ನಲ್ಲೇ. ವರ್ಚುಸೊ ಅನ್ನುವ ಅಡ್ವೈಸರ್‌ಗಳ ಜಾಲ, ದೊಡ್ಡ ಹೋಟೆಲ್ ಕಂಪನಿಗಳಾದ ಫೋರ್ ಸೀಸನ್ಸ್‌ನವರ ಪ್ರಿಫರ್ಡ್ ಪಾರ್ಟ್‌ನರ್, ಹಯಾಟ್‌ನವರ ಪ್ರಿವೆ, ಇಂಥ ವ್ಯವಸ್ಥೆಗಳಲ್ಲಿ ಇರುವ ಅಡ್ವೈಸರ್ ಮೂಲಕ ಹೋದರೆ ಇಬ್ಬರಿಗೆ ದಿನಾ ತಿಂಡಿ ಬಿಟ್ಟಿ, ಹೋಟೆಲ್ ಒಳಗೆ ಖರ್ಚು ಮಾಡಲು ಹೆಚ್ಚಾಗಿ 100 ಅಮೆರಿಕನ್ ಡಾಲರ್‌ನಷ್ಟು ಕ್ರೆಡಿಟ್, ಖಾಲಿ ಇದ್ದರೆ ಮೇಲಿನ ದರ್ಜೆಯ ರೂಮ್. ಮತ್ತೆ ಮತ್ತೆ ಬರುವವರಿಗೆ ಪಾಯಿಂಟ್ಸ್ ಕೊಡುವ ಹೋಟೆಲ್ ಆದರೆ ಅವೂ ಬರುತ್ತವೆ. ಆ್ಯಪ್‌ನಲ್ಲಿ ಬುಕ್ ಮಾಡಿದರೆ ಸಾಮಾನ್ಯವಾಗಿ ಅದು ಇಲ್ಲ.

"ಇಬ್ಬರಿಗೆ" ಅನ್ನುವುದನ್ನು ಗಮನಿಸಿ. ಅತ್ತೆಯ ತಿಂಡಿಗೆ ನಾವೇ ದುಡ್ಡು ಕೊಟ್ಟೆವು.

ಸಿಂಗಾಪುರದ ರೇಟ್ ಮುಂದೆ ಎರಡು ಪ್ಲಸ್ ಗುರುತು ಇರುತ್ತದಲ್ಲ, ಅದನ್ನೂ ಅವರೇ ಬಿಡಿಸಿ ಹೇಳಿದರು. ರೂಮ್ ರೇಟಿನ ಮೇಲೆ 10% ಸರ್ವಿಸ್ ಚಾರ್ಜ್, ಎರಡೂ ಸೇರಿದ ಮೊತ್ತದ ಮೇಲೆ 9% ಜಿಎಸ್‌ಟಿ. 300 ಸಿಂಗಾಪುರ ಡಾಲರ್ ಅಂತ ಕಂಡದ್ದು ಬಿಲ್‌ನಲ್ಲಿ ಹತ್ತಿರ ಹತ್ತಿರ 360. ಬೆಂಗಳೂರಿನಿಂದ ರಾತ್ರಿ ವಿಮಾನ ಹತ್ತಿದರೆ ಬೆಳಗ್ಗೆ ಬೇಗ ಇಳಿಯುತ್ತೇವೆ, ಚೆಕ್‌ಇನ್ ಮಧ್ಯಾಹ್ನ ಮೂರಕ್ಕೆ. ಬೆಳಗ್ಗೆಯೇ ರೂಮ್ ಖಾತ್ರಿ ಬೇಕಾದರೆ ಹಿಂದಿನ ರಾತ್ರಿಯ ದುಡ್ಡೂ ಕಟ್ಟಬೇಕು. "ಸುಮ್ನೆ ಕಟ್ಟಬೇಡಿ, ವಯಸ್ಸಾದವರು ಇದ್ದಾರೆ ಅಂತ ಬರೆದಿಟ್ಟಿರ್ತೀನಿ" ಅಂದರು. ಹತ್ತು ಗಂಟೆ ಹೊತ್ತಿಗೆ ರೂಮ್ ಸಿಕ್ಕಿತು.

ಹಾಗಂತ ಎಲ್ಲ ಚೆಂದ ಅಲ್ಲ. ರಾತ್ರಿ ಒಂಬತ್ತಕ್ಕೆ ಮೆಸೇಜ್ ಹಾಕಿದರೆ ಉತ್ತರ ಮಾರನೇ ದಿನ ಮಧ್ಯಾಹ್ನ. ಕಮಿಷನ್ ಕೊಡದ ಹೋಟೆಲ್‌ಗಳು ಅವರ ಪಟ್ಟಿಯಲ್ಲಿ ತಾವಾಗಿ ಬರುವುದಿಲ್ಲ, ನಾವೇ ಹೆಸರು ಹೇಳಿ ಕೇಳಬೇಕು. ರೀಫಂಡ್ ಇಲ್ಲದ ಅಗ್ಗದ ರೇಟ್ ಆ್ಯಪ್‌ನಲ್ಲಿ ನಿಜವಾಗಿಯೂ ಕಡಿಮೆಗೆ ಸಿಗುತ್ತದೆ. ಗಂಡ ಹೆಂಡತಿ ಇಬ್ಬರೇ, ತಾರೀಕು ಬದಲಾಗುವುದಿಲ್ಲ, ಹೊರಗೆ ಇಡ್ಲಿ ತಿಂದರೂ ನಡೆಯುತ್ತದೆ ಅನ್ನುವವರಿಗೆ ಅದೇ ಲಾಭ.

ಚಿಕ್ಕಮಗಳೂರಿಗೆ ಮಾತ್ರ ನಾನು ಯಾರನ್ನೂ ಮಧ್ಯೆ ತರುವುದಿಲ್ಲ. ದುಬೈಯಿಂದ ನಾದಿನಿ ಮನೆಯವರು ಬಂದಾಗ ಕಾಫಿ ತೋಟದ ನಡುವಿನ ರೆಸಾರ್ಟ್‌ಗೆ ನಾನೇ ಫೋನ್ ಮಾಡಿದೆ. ಕನ್ನಡದಲ್ಲಿ ಮಾತಾಡಿದ ತಕ್ಷಣ ಅವರ ಧ್ವನಿಯೇ ಬದಲಾಯಿತು. ವಾರದ ನಡುವೆ ಬಂದರೆ ರೇಟ್ ಇಳಿಸುತ್ತೇವೆ ಅಂದರು, ರಾತ್ರಿಗೆ ಅಕ್ಕಿ ರೊಟ್ಟಿ ಆಗುತ್ತದೆ ಅಂದರು. ಮುಳ್ಳಯ್ಯನಗಿರಿಗೆ ಗಾಡಿಯಲ್ಲಿ ಹೋಗುವುದಾದರೆ ಆನ್‌ಲೈನ್‌ನಲ್ಲಿ ಮುಂಚೆಯೇ ಬುಕ್ ಮಾಡಿಕೊಳ್ಳಿ ಅಂತ ನೆನಪಿಸಿದ್ದೂ ಅವರೇ.

ನನ್ನ ಲೆಕ್ಕ ಹೀಗಿದೆ. ರಾತ್ರಿಗೆ ಹದಿನೈದು ಸಾವಿರ ದಾಟುತ್ತದೆ, ಅತ್ತೆ ಜೊತೆಗಿದ್ದಾರೆ, ಊರು ಗೊತ್ತಿಲ್ಲ ಅಂದರೆ ಅಡ್ವೈಸರ್. ದೇವನಹಳ್ಳಿ ಹತ್ತಿರ ವಿಮಾನಕ್ಕೆ ಮುಂಚಿನ ಒಂದು ರಾತ್ರಿಗೆ ಆ್ಯಪ್. ನೀವು ಅಡ್ವೈಸರ್ ಹತ್ತಿರ ಹೋಗುವುದಾದರೆ ಫೀಸ್ ಇದೆಯಾ ಅಂತ ಮೊದಲೇ ಕೇಳಿ, ಕೆಲವರು ತೆಗೆದುಕೊಳ್ಳುತ್ತಾರೆ. ಮೂರನೇ ಮಂಚದ ಬಗ್ಗೆ ಹೋಟೆಲ್‌ನವರ ಮೇಲ್ ಕೈಗೆ ಬರುವ ತನಕ ಕಾರ್ಡ್ ನಂಬರ್ ಕೊಡಬೇಡಿ.