ಹತ್ತಿರದ ಕಾಲೇಜೋ, ಮಹಾನಗರದ ಕಾಲೇಜೋ?

ಎರಡೂ ಕಡೆ ಸೀಟು ಸಿಕ್ಕಿದೆ, ಎಲ್ಲಿಗೆ ಸೇರೋದು ಅನ್ನೋ ಗೊಂದಲವೇ? ಖರ್ಚಿನ ಮಾತು ಬೇಗ ಮುಗಿಯುತ್ತದೆ. ಫೀಸು ಒಂದೇ ಇದ್ದರೂ ಮಹಾನಗರದಲ್ಲಿ ಹಾಸ್ಟೆಲ್, ಊಟ, ಓಡಾಟ ಸೇರಿದರೆ ಲೆಕ್ಕವೇ ಬೇರೆ. ಹತ್ತಿರದ ಕಾಲೇಜಿಗೆ ಮನೆಯಿಂದಲೇ ಹೋಗಿ ಬರಬಹುದು.

ಕಲಿಕೆಯಲ್ಲಿ ಹಾಗೆ ಸುಲಭಕ್ಕೆ ತೀರ್ಪು ಕೊಡಲಾಗದು. ದೊಡ್ಡ ಕಾಲೇಜಿನಲ್ಲಿ ಕೋರ್ಸುಗಳು ಜಾಸ್ತಿ, ಲ್ಯಾಬು ದೊಡ್ಡದು, ಕೆಲಸ ಕೊಡಲು ಕಂಪನಿಗಳೂ ಬರುತ್ತವೆ. ಆದರೆ ಇನ್ನೂರು ಜನರ ಕ್ಲಾಸಿನ ಕೊನೇ ಬೆಂಚಿನಿಂದ ಡೌಟು ಕೇಳೋಕೆ ಧೈರ್ಯ ಬೇಕು, ಅಲ್ವಾ? ಸಣ್ಣ ಕಾಲೇಜಿನಲ್ಲಿ ಎರಡು ದಿನ ಕಾಣದಿದ್ದರೆ ಮೇಷ್ಟ್ರೇ "ಎಲ್ಲಿ ಹೋಗಿದ್ದೆ?" ಅಂತ ಕೇಳುತ್ತಾರೆ. ಕೆಲವರಿಗೆ ಇದು ಕಿರಿಕಿರಿ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಗೆ ಮಾತ್ರ ಅದೇ ಆಸರೆ.

ಸುತ್ತಲಿನ ಜನಕ್ಕೆ ಆಗುವ ಲಾಭದಲ್ಲಿ ನನ್ನ ವೋಟು ಸಣ್ಣದಕ್ಕೇ. ನರ್ಸಿಂಗ್ ಕಲಿಯುವವರು ಪಕ್ಕದ ಆಸ್ಪತ್ರೆಯಲ್ಲೇ ಪಳಗುತ್ತಾರೆ, ಟೀಚರ್ ಆಗುವವರು ಅಲ್ಲಿನ ಶಾಲೆಗಳಲ್ಲೇ ಪಾಠ ಮಾಡಿ ನೋಡುತ್ತಾರೆ. ಎಷ್ಟೋ ಮಂದಿ ಅಲ್ಲೇ ಕೆಲಸಕ್ಕೂ ನಿಲ್ಲುತ್ತಾರೆ. ಕಾಲೇಜು ಸುತ್ತಲಿನ ಜನಕ್ಕೂ ನೆರವಾಗಬೇಕು ಅನ್ನೋದು ಹೊಸ ಯೋಚನೆಯೇನಲ್ಲ. ಅಮೆರಿಕದಲ್ಲಿ 1862ರ ಮಾರಿಲ್ ಕಾಯ್ದೆ ಬೇಸಾಯ, ಯಂತ್ರವಿದ್ಯೆ ಕಲಿಸುವ ಕಾಲೇಜುಗಳಿಗಾಗಿ ರಾಜ್ಯಗಳಿಗೆ ಸರ್ಕಾರಿ ಜಮೀನು ಕೊಟ್ಟಿತು. 1914ರ ಸ್ಮಿತ್-ಲೀವರ್ ಕಾಯ್ದೆಯಿಂದ ಆ ಕಾಲೇಜುಗಳ ತಿಳಿವಳಿಕೆ ರೈತರ ಹೊಲದವರೆಗೂ ಹೋಯಿತು.

ನಿಮಗೆ ಬೇಕಾದ ವಿಷಯವೇ ಹತ್ತಿರದಲ್ಲಿ ಇಲ್ಲವೆಂದರೆ ಯೋಚನೆ ಬೇಡ, ಮಹಾನಗರಕ್ಕೆ ಹೊರಡಿ. ಇದ್ದರೆ, ಒಂದು ದಿನ ಹೋಗಿ ಲ್ಯಾಬಿಗೆ ಇಣುಕಿ. ಮೈಕ್ರೋಸ್ಕೋಪಿನ ಮೇಲೆ ಧೂಳು ಕೂತಿದೆಯಾ ನೋಡಿ. ಕೊನೇ ವರ್ಷದವರನ್ನು ನಿಲ್ಲಿಸಿ ನಾಲ್ಕು ಮಾತು ಕೇಳಿ.